ಹಗೇವು ಕೇಳಿದ ಹೆಸರು

“ಆ ಅಗೇವಿನ ತಾವ ಯಾರ್ ಎಸ್ರೂ ಏಳ್ಬೇಡಿ ಕಣವ್ವ. ನಿಮ್ದೂ ಬ್ಯಾಡ, ಇನ್ನೊಬ್ರುದ್ದೂ ಬ್ಯಾಡ.”

ಬೂದಿದುರ್ಗದ ಮೀಸಲು ಅರಣ್ಯದ ಗೇಟಿನಲ್ಲಿ ಕಾವಲುಗಾರ ಮುನಿಆಂಜಿನಪ್ಪ ಹೀಗೆಂದಾಗ ತೇಜಸ್ವಿನಿಗೆ ನಗು ತಡೆಯಲಾಗಲಿಲ್ಲ.

“ಈಗ ತಾನೇ ನೀವೇ ನಮ್ ಹೆಸ್ರು ರಿಜಿಸ್ಟರಲ್ಲಿ ಬರ್ಸ್ಕೊಂಡ್ರಲ್ಲ?”

ಮುದುಕ ನಗಲಿಲ್ಲ.

ತೇಜಸ್ವಿನಿ ಯಲಹಂಕದ ಶಾಲೆಯೊಂದಕ್ಕೆ ಆ ವರ್ಷವಷ್ಟೇ ಸೇರಿದ ಚರಿತ್ರೆ ಟೀಚರ್. ಜೊತೆಗಿದ್ದ ಲುಬ್ನಾ ಅಲ್ಲೇ ವಿಜ್ಞಾನ ಕಲಿಸುವವಳು, ಪಕ್ಕದ ಕೋಗಿಲು ಊರಿನವಳು. ಮೊದಲ ದಿನವೇ ಈ ಹೊಸಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಬುತ್ತಿ ಬಿಚ್ಚಿದವಳು. ಬೆಟ್ಟದ ಮೇಲಿನ ಪಾಳು ಹಳ್ಳಿಗಳಿಗೆ ಮಕ್ಕಳನ್ನು ಕರೆತರುವ ಮುಂಚೆ ತಾವೊಮ್ಮೆ ನೋಡಿಬಿಡೋಣವೆಂದು ಇಬ್ಬರೂ ಬಂದಿದ್ದರು.

ಮುನಿಆಂಜಿನಪ್ಪ ಹೇಳಿದ ಕತೆ ಇಷ್ಟು. ಪ್ಲೇಗು ಬಂದ ವರ್ಷ ಮೇಲಿನ ಹಳ್ಳಿಯವರು ಇದು ಮಾಟವೆಂದರು. ಮಾಡಿಸಿದ್ದು ಯಾರು ಎಂದು ಊರೇ ಎದ್ದು ನಿಂತಾಗ, ಎಲ್ಲಿ ತನ್ನ ಮೇಲೆ ಬರುತ್ತದೋ ಎಂದು ಹೆದರಿದ ಒಬ್ಬಳು ತನ್ನ ಜೀವದ ಗೆಳತಿ, ಸೂಲಗಿತ್ತಿ ದ್ಯಾವಕ್ಕನ ಹೆಸರು ಹೇಳಿಬಿಟ್ಟಳು. ರಾಗಿ ತುಂಬಿಡಲು ನೆಲದಲ್ಲಿ ತೋಡಿದ್ದ ಹಗೇವಿಗೆ ದ್ಯಾವಕ್ಕನನ್ನು ತಳ್ಳಿ ಚಪ್ಪಡಿ ಎಳೆದರು. ಮೂರು ದಿನ ಒಳಗಿಂದ ಒಂದೇ ಮಾತು ಬರುತ್ತಿತ್ತಂತೆ: “ಯಾರು?”

“ಇವತ್ಗೂ ಕೇಳ್ತಾಳೆ. ಏಳ್ದೋರು ಉಳೀತಾರೆ. ಯಾರ ಎಸ್ರು ಏಳ್ತಾರೋ, ಅವ್ರು ಉಳಿಯಾಕಿಲ್ಲ.”

ಮೇಲೆ ತಲುಪಿದಾಗ ನಡುಹಗಲು. ಮೊಣಕಾಲೆತ್ತರದ ಮಣ್ಣುಗೋಡೆಗಳು, ಲಾಂಟಾನ ಪೊದೆಗಳ ಘಾಟು, ಕಿವಿ ಕೊರೆಯುವ ಜೀರುಂಡೆ. ಹಗೇವಿನ ಚಪ್ಪಡಿ ಅರ್ಧ ಸರಿದಿತ್ತು. ಕೊಳೆತ ರಾಗಿಯ ಹುಳಿವಾಸನೆ ಹಬೆಯಂತೆ ಮುಖಕ್ಕೆ ಹೊಡೆಯಿತು.

“ಬೇಡ ಕಣೇ, ಹೋಗೋಣ,” ಎಂದಳು ಲುಬ್ನಾ.

“ಸೈನ್ಸ್ ಟೀಚರ್ ಆಗಿ ನೀನು ಹೆದರ್ಕೋತೀಯಾ?” ತೇಜಸ್ವಿನಿ ಅಂಚಿನಲ್ಲಿ ಬಗ್ಗಿ ಕೂಗಿದಳು. “ದ್ಯಾವಕ್ಕಾ! ಇದ್ದೀಯಾ?”

ಜೀರುಂಡೆಗಳು ಒಟ್ಟಿಗೇ ನಿಂತವು.

ಕಾಲ ಕೆಳಗಿನ ಮಣ್ಣು ಕುಸಿಯಿತು. ಎರಡಾಳು ಆಳ. ಬಿದ್ದದ್ದು ಮೆತ್ತನೆಯ ಬೂಷ್ಟಿನ ಮೇಲೆ. ಹೊರಗೆ ಸುಡುಬಿಸಿಲು, ಒಳಗೆ ಕಣ್ಣು ಕಿತ್ತಿಟ್ಟಂಥ ಕತ್ತಲೆ. ಮೇಲೆ ಲುಬ್ನಾ ನೆಲಕ್ಕೆ ಬೋರಲು ಮಲಗಿ ದುಪಟ್ಟಾ ಇಳಿಬಿಟ್ಟಳು. “ಹಿಡ್ಕೋ! ಗೋಡೇಲಿ ಕಲ್ಲಿದೆ, ಕಾಲಿಡು!”

ಹಿಡಿದಳು. ಕಾಲೆತ್ತಿದಳು. ಕಾಲು ಬರಲಿಲ್ಲ.

ಕಾಲ ಗಿಣ್ಣಿನ ಸುತ್ತ ಬೆರಳು. ಐದು. ತಣ್ಣಗೆ, ಒದ್ದೆ. ಬಿಗಿಯಾದವು. ಕಿವಿಯ ಪಕ್ಕದಲ್ಲೇ ಉಸಿರು. ಹುಳಿ ಉಸಿರು.

“ಯಾರು?”

ಬೆರಳು ಮೊಣಕಾಲಿಗೆ ಬಂತು. ತೊಡೆಗೆ. “ಯಾರು?”

ದುಪಟ್ಟಾದ ಆ ತುದಿಯಲ್ಲಿ ಬೆವರಿಳಿಯುವ ಮುಖವೊಂದು ಅವಳನ್ನು ಎಳೆಯುತ್ತಿತ್ತು. ತೇಜಸ್ವಿನಿ ಆ ಮುಖವನ್ನು ನೋಡುತ್ತಲೇ ಹೇಳಿದಳು.

“ಲುಬ್ನಾ.”

ಹಿಡಿತ ಸಡಿಲಾಯಿತು.

ಲುಬ್ನಾ ಅವಳನ್ನು ಹೊರಕ್ಕೆಳೆದು ತಬ್ಬಿಕೊಂಡಳು. “ಏನಾಗಿಲ್ಲ, ಏನಾಗಿಲ್ಲ,” ಎಂದಳು. ಆ ತೋಳು ಆಗಲೇ ತಣ್ಣಗಾಗುತ್ತಿತ್ತು.

ಗೇಟಿನಲ್ಲಿ ಮುನಿಆಂಜಿನಪ್ಪ “ಲುಬ್ನಮ್ಮಾ” ಎಂದು ಕರೆದ. ಅವಳು ತಿರುಗಲಿಲ್ಲ. ಮುದುಕನ ಕಣ್ಣು ತೇಜಸ್ವಿನಿಯ ಕಡೆ ಹೊರಳಿತು. “ಏಳ್ಬುಟ್ರಾ?”

“ಇಲ್ಲ,” ಎಂದಳು.

ವಾರದೊಳಗೆ ಲುಬ್ನಾಗೆ ತಾನು ಯಾರೆಂಬುದೇ ಮರೆಯಿತು. ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರೆಂಬಂತೆ ಹಿಂದೆ ನೋಡುವಳು. ಡಾಕ್ಟರುಗಳು ಸ್ಕ್ಯಾನ್ ಮಾಡಿಸಿದರು; ಏನೂ ಸಿಗಲಿಲ್ಲ. ತೇಜಸ್ವಿನಿ ಪ್ರತಿ ಭಾನುವಾರ ಕೋಗಿಲಿಗೆ ಹೋದಳು. ಲುಬ್ನಾಳ ತಾಯಿ ಫಖ್ರುನ್ನೀಸಾ ಚಹಾ ಕೊಡುವರು, ತಲೆ ಸವರುವರು. ಕೈ ತಾಗಿದಾಗಲೆಲ್ಲ ಅವಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು.

ಒಂದು ದಿನ ಒಬ್ಬಳೇ ಬೆಟ್ಟ ಹತ್ತಿದಳು. ಹಗೇವಿಗೆ ಬಗ್ಗಿ ತನ್ನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದಳು. ಸಂಜೆಯಾಗುವವರೆಗೂ ಕೂಗಿದಳು. ಒಳಗಿಂದ ಯಾರೂ ಏನೂ ಕೇಳಲಿಲ್ಲ.

ಮರುದಿನ ಫಖ್ರುನ್ನೀಸಾರ ಕಾಲ ಬಳಿ ಕೂತು ಎಲ್ಲ ಹೇಳಿದಳು. ಆಕೆ ತಟ್ಟೆಯಲ್ಲಿ ಅನ್ನ ಕಲೆಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಗೊತ್ತು ಬೇಟಿ. ನಿದ್ದೇಲಿ ಅದೊಂದೇ ಮಾತು. ‘ತೇಜೂ, ನನ್ ಹೆಸ್ರು ಯಾಕೆ ಕೊಟ್ಟೆ?’ ಮೊದಲ್ನೇ ವಾರದಿಂದ್ಲೂ ಕೇಳ್ತಾ ಇದ್ದೀನಿ.”

“ಮತ್ತೆ... ನನ್ನನ್ನ ಯಾಕಮ್ಮಾ ಒಳಗೆ ಬಿಟ್ಕೊಂಡ್ರಿ?”

“ನೀನು ಬಂದ ದಿನ ಮಾತ್ರ ಅವಳು ನಾಕು ತುತ್ತು ತಿಂತಾಳೆ.” ಆಕೆ ಮೊದಲ ಸಲ ಮುಖವೆತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. “ನಿನ್ನ ಮುಖ ನೋಡಕ್ಕೆ ನಂಗಿಷ್ಟ ಇಲ್ಲ. ಆದ್ರೂ ಬಾ. ನಾನು ಇರೋವರ್ಗೂ ಬಾ. ಆಮೇಲೂ ಬಾ.”

ತಟ್ಟೆಯನ್ನು ಅವಳ ಕೈಗಿಟ್ಟು ಅಡುಗೆಮನೆಗೆ ಹೋದರು.

ತೇಜಸ್ವಿನಿ ತುತ್ತು ಹಿಡಿದಳು. ಲುಬ್ನಾ ಎಳೆಮಗುವಿನಂತೆ ನಂಬಿ ಬಾಯಿ ತೆರೆದಳು. ಒಳಗಿಂದ ಕೊಳೆತ ರಾಗಿಯ ಉಸಿರು ಬಂತು. ತೇಜಸ್ವಿನಿ ಮುಖ ತಿರುಗಿಸಲಿಲ್ಲ.