ಹಗ್ಗ ಸವೆದಿದೆ, ಓಡಿಸಬೇಡಿ!

ಕುತ್ತಿಗೆಯ ಹಿಂದೆ ಕಬ್ಬಿಣದ ಸರಳು ತಣ್ಣಗೆ ತಾಗಿತು.

"ಟೈಪ್ ಮಾಡು, ತಾತ."

ಸರಳು ಹಿಡಿದವನ ಹೆಸರು ಗೂಳಿ. ಹೆತ್ತವರು ಇಟ್ಟ ಹೆಸರಲ್ಲ, ಮೈಕಟ್ಟು ಕೊಟ್ಟದ್ದು. ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲೇ ನನ್ನನ್ನು ಕಾರಿಗೆ ತುಂಬಿಕೊಂಡು ಬಂದಿದ್ದ. ಒಳಗೆ ಮಲಗಿದ್ದ ಅಕ್ಕನ ಮುಖ ನೋಡಲೂ ಬಿಟ್ಟಿರಲಿಲ್ಲ.

ಕೆಟ್ಟು ನಿಂತ ವೆಬ್‌ಸೈಟುಗಳನ್ನು ಎಬ್ಬಿಸುವುದು ನನ್ನ ಕಸುಬು, ಸ್ವಾಮಿ. ಕರೆದರೆ ಹೋಗುತ್ತೇನೆ. ಹೀಗೆ ಎತ್ತಿಕೊಂಡು ಹೋದದ್ದು ಇದೇ ಮೊದಲು!

ಎದುರಿನ ಸೋಫಾದಲ್ಲಿ ಯಜಮಾನ ಕೂತಿದ್ದ. ಊರಿನ ಲಿಫ್ಟ್‌ಗಳನ್ನು ಪರೀಕ್ಷೆ ಮಾಡುವ ಕಂಪನಿ ಅವನದು. ಅವನ ವೆಬ್‌ಸೈಟಿನಲ್ಲಿ 'ಫೇಲ್' ಎಂದು ಬಂದರೆ ಸಾಕು, ಆ ಲಿಫ್ಟ್ ತಾನಾಗಿಯೇ ಹತ್ತಿರದ ಮಹಡಿಗೆ ಹೋಗಿ ನಿಂತುಬಿಡುತ್ತದೆ. ರಿಪೇರಿಯಾಗುವ ತನಕ ಮತ್ತೆ ಅಲುಗುವುದಿಲ್ಲ.

"ಮಧ್ಯಾಹ್ನ ಕಂಪನಿ ಕೊಳ್ಳೋರು ಬರ್ತಾರೆ," ಎಂದ. "ಹಗ್ಗ ಯಾವಾಗ ಬದಲಾಯಿಸಿದ್ದು ಅನ್ನೋ ತಾರೀಕು ಪ್ರತಿ ಲಿಫ್ಟ್ ಪಕ್ಕ ಕಾಣ್ಬೇಕು. ಡೇಟಾಬೇಸಿಗೆ ಕಾಲಂ ಸೇರಿಸಿದ್ದಾಗಿದೆ. ಸೈಟಲ್ಲಿ ಬರ್ತಿಲ್ಲ."

"ನಿಮ್ಮ ಪ್ರೋಗ್ರಾಮರ್ ಎಲ್ಲಿ?"

"ಓಡಿಹೋದ."

"ಯಾಕೆ?"

"ಪ್ರಶ್ನೆ ಕೇಳ್ತಿದ್ದ."

ಗೂಳಿ ನಕ್ಕ. ನಾನು ನಗಲಿಲ್ಲ.

ಫೈಲುಗಳನ್ನು ತೆರೆದೆ. ಮಾಹಿತಿಯೆಲ್ಲ ಡೇಟಾಬೇಸಿನಲ್ಲಿ, ಟೇಬಲ್ಲು ಎಂಬ ಪಟ್ಟಿಗಳಲ್ಲಿ ಇರುತ್ತದೆ. ವೆಬ್‌ಸೈಟ್ ಅದನ್ನು ನೇರವಾಗಿ ನೋಡುವುದಿಲ್ಲ. ನಡುವೆ ಮಾಡೆಲ್ ಎಂಬ ಫೈಲು ಕೂತಿರುತ್ತದೆ, ಬಾಗಿಲು ಕಾಯುವ ಆಳಿನ ಹಾಗೆ. ಒಳಗೆ ಏನೇ ಇರಲಿ, ಅವನು ಬಿಟ್ಟದ್ದಷ್ಟೇ ಹೊರಗೆ ಬರುತ್ತದೆ.

ಲಿಫ್ಟ್‌ಗಳ ಮಾಡೆಲ್ ತೆರೆದೆ. ಮೇಲಿಂದ ಕೆಳಗೆ ಯಂತ್ರ ಬರೆದ ಸಾಲುಗಳು. ಕೊನೆಯ ಸಾಲು ಮಾತ್ರ... ಮನುಷ್ಯ ಕೈಯಾರೆ ಬರೆದದ್ದು.

ಫೇಲ್ ಆದವನ್ನು ತೋರಿಸಬೇಡ!

ಮಾಡೆಲ್ ಬಿಟ್ಟು ಟೇಬಲ್ಲಿಗೇ ಇಣುಕಿದೆ. ಸಾಲು ಸಾಲು ಫೇಲ್! ಎಲ್ಲವೂ ಇನ್ನೂ ಓಡುತ್ತಿದ್ದವು, ಒಳಗೆ ಜನರನ್ನು ತುಂಬಿಕೊಂಡು. ಅವುಗಳಲ್ಲಿ ಒಂದು ಆಸ್ಪತ್ರೆಯದು, ರೋಗಿಗಳ ಲಿಫ್ಟ್. ಪಕ್ಕದಲ್ಲಿ ಮೆಕ್ಯಾನಿಕ್ ಬರೆದಿದ್ದ: 'ಹಗ್ಗ ಸವೆದಿದೆ, ಓಡಿಸಬೇಡಿ!'

ಅಕ್ಕ ಇದ್ದದ್ದು ಆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಆಪರೇಷನ್ ಕೋಣೆ ಕೆಳಗೆ.

ಆಗಲೇ ಗೂಳಿಯ ಜೇಬಿನಲ್ಲಿ ನನ್ನ ಫೋನ್ ಬಡಿದುಕೊಂಡಿತು.

"ಅಕ್ಕ ಅಂತ ಬರ್ತಿದೆ, ಯಜಮಾನ್ರೇ."

"ಸ್ಪೀಕರ್ ಹಾಕು. ಎತ್ತದಿದ್ರೆ ಹುಡುಕೋಕೆ ಶುರು ಮಾಡ್ತಾರೆ. ತಾತ, ಬಾಯಿ ಜೋಪಾನ!"

"ಎಲ್ಲಿ ಹಾಳಾಗಿ ಹೋದ್ಯೋ?" ಅಕ್ಕನ ದನಿ. "ಸ್ಟ್ರೆಚರ್ ಮೇಲೆ ಮೂಟೆ ಥರ ಎತ್ತಿ ಹಾಕಿದಾರೆ ನನ್ನ."

"ಅಕ್ಕಾ, ಕೆಳಗೆ ಹೋಗ್ಬೇಡ..."

ಸರಳು ಕುತ್ತಿಗೆಯನ್ನು ಅಮುಕಿತು.

"ಹೋಗ್ದೆ? ಹೊಟ್ಟೇಲಿರೋ ಗಡ್ಡೆ ತಾನಾಗೇ ಎದ್ದು ಬರುತ್ತಾ? ಲಿಫ್ಟ್ ಕಾಯ್ತಿದೀವಿ. ದೇವರ ಮೇಲೆ ಭಾರ ಹಾಕು. ತಿಂಡಿ ತಿಂದ್ಯಾ?"

ಗೂಳಿ ಫೋನ್ ಕಟ್ ಮಾಡಿದ.

ದೇವರ ಮೇಲೆ ಭಾರ ಹಾಕಬಹುದು. ಸವೆದ ಹಗ್ಗದ ಮೇಲೆ ಹಾಕಬಾರದು!

"ಯಜಮಾನ್ರೇ, ಆ ಲಿಫ್ಟ್ ನಿಲ್ಸಿ. ನಿಮ್ಮ ಒಂದು ಫೋನ್ ಸಾಕು. ಕೈ ಮುಗೀತೀನಿ."

"ಮೊದಲು ಕಾಲಂ. ಆಮೇಲೆ ಅಕ್ಕ." ಗೂಳಿಯ ಕಡೆ ತಿರುಗಿದ. "ಇವನು ಒಂದೇ ಒಂದು ಸಾಲು ಅಳಿಸಿದ್ರೂ ಬೆರಳು ಮುರಿ."

ನಾನು ಏನನ್ನೂ ಅಳಿಸಲಿಲ್ಲ, ಸ್ವಾಮಿ. ಹೇಳಿದ ಕೆಲಸವನ್ನೇ ಮಾಡಿದೆ. ಟೇಬಲ್ಲು ನೋಡಿ ಹೊಸ ಮಾಡೆಲ್ ತಯಾರಿಸು ಎಂದು ಕಮಾಂಡ್ ಕೊಟ್ಟೆ.

ಪರದೆ ಒಂದು ಪ್ರಶ್ನೆ ಕೇಳಿ ನಿಂತಿತು.

"ಏನಂತೆ?" ಯಜಮಾನ ಎದ್ದು ಬಂದ.

"ಮಾಡೆಲ್ ಹೊಸದಾಗಿ ಬರೆಯುತ್ತೆ. ಹಳೇ ಫೈಲ್ ಪೂರ್ತಿ ಹೋಗುತ್ತೆ, ಕೈಯಲ್ಲಿ ಸೇರಿಸಿದ್ದೂ ಹೋಗುತ್ತೆ. ಆಗಬಹುದಾ ಅಂತ ಕೇಳ್ತಿದೆ."

ಸುಳ್ಳಾಡಲಿಲ್ಲ. ಮೇಲಿನವನಿಗೆ ಲೆಕ್ಕ ಒಪ್ಪಿಸುವ ವಯಸ್ಸು ನನ್ನದು.

"ಹೊಸದು ಬರೋವಾಗ ಹಳೇದ್ಯಾಕೆ?"

"ಯೋಚನೆ ಮಾಡಿ..."

"ಮುದುಕರದ್ದು ಇದೇ ಗೋಳು! ಸರಿ ಆಚೆ!"

ನನ್ನ ಕೈ ತಳ್ಳಿ ತಾನೇ 'ಹೌದು' ಒತ್ತಿದ.

ಪುಟ ಹೊಸದಾಗಿ ಮೂಡಿತು. ತಾರೀಕುಗಳ ಕಾಲಂ ಬಂತು. ಅದರ ಬೆನ್ನಿಗೇ ಕೆಂಪು... ಒಂದಾದ ಮೇಲೊಂದು, ಹುಣ್ಣು ಒಡೆದ ಹಾಗೆ! ಫೇಲ್. ಫೇಲ್. ಫೇಲ್. ಆಸ್ಪತ್ರೆಯ ಸಾಲು ಬಂತು.

'ಮೇಲಿನ ಮಹಡಿಯಲ್ಲಿ ನಿಂತಿದೆ. ಒಳಗೆ ಯಾರೂ ಇಲ್ಲ.'

ಅಕ್ಕ ಇನ್ನೂ ಹತ್ತಿರಲಿಲ್ಲ!

"ಏನೋ ಮಾಡ್ದೆ?" ಯಜಮಾನ ಕಿರುಚಿದ.

"ನಾನೆಲ್ಲಿ? ನೀವೇ ಒತ್ತಿದ್ದು."

ಗೂಳಿ ಸರಳೆತ್ತಿದ. ಅಷ್ಟರಲ್ಲಿ ಆಫೀಸಿನ ಫೋನುಗಳೆಲ್ಲ ಒಟ್ಟಿಗೇ ಅರಚತೊಡಗಿದವು.

"ಅವನನ್ನ ಬಿಡು!" ಯಜಮಾನನ ಮುಖ ಸುಣ್ಣವಾಗಿತ್ತು. "ಊರೆಲ್ಲ ಇದೇ ಪುಟ ನೋಡ್ತಿದೆ! ಕಾರು ತೆಗಿ!"

ಇಬ್ಬರೂ ಲಿಫ್ಟಿನ ಕಡೆ ಓಡಿದರು. ನಾನು ಪರದೆ ನೋಡಿದೆ. ಕಟ್ಟಕಡೆಗೆ ಇನ್ನೊಂದು ಕೆಂಪು ಸಾಲು ಮೂಡುತ್ತಿತ್ತು. ಇದೇ ಕಟ್ಟಡದ್ದು! 'ಬಾಗಿಲು ಸಿಕ್ಕಿಕೊಳ್ಳುತ್ತದೆ.'

"ಮೆಟ್ಟಿಲಲ್ಲಿ ಇಳೀರಿ!" ಎಂದು ಕೂಗಿದೆ. ಮನುಷ್ಯಧರ್ಮ. ಕೇಳುವವರು ಬೇಕಲ್ಲ?

ಮೇಜಿನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದೆ.

"ಲಿಫ್ಟ್ ಕೆಟ್ಟಿದ್ಯಂತೆ ಕಣೋ. ನಾಲ್ಕು ಜನ ಹೊತ್ಕೊಂಡು ಮೆಟ್ಟಿಲಿಳೀತಿದಾರೆ. ಈಗ್ಲೇ ನಾಲ್ಕು ಜನ ಹೊತ್ರೆ, ಆಮೇಲೆ ಹೊರೋಕೆ ಯಾರು ಬರ್ತಾರೋ?"

ನಕ್ಕೆ. ಕಣ್ಣು ಒರೆಸಿಕೊಂಡೆ. "ಬಂದೆ ಅಕ್ಕಾ," ಎಂದು ಫೋನ್ ಇಟ್ಟೆ.

ಪಕ್ಕದ ಕೆಂಪು ಫೋನ್ ಬಡಿದುಕೊಂಡಿತು. ಲಿಫ್ಟಿನೊಳಗೆ ಸಿಕ್ಕಿಕೊಂಡವರ ಕರೆಗಳು ಬರುವ ಫೋನ್ ಅದು.

"ತಾತಾ! ಬಾಗಿಲು ತೆಗೀತಿಲ್ಲ! ಏನಾದ್ರೂ ಮಾಡು!"

"ನಿಮ್ಮ ದೂರನ್ನೂ ಸೈಟಿಗೆ ಸೇರಿಸಿದೀನಿ, ಯಜಮಾನ್ರೇ... ಈ ಸಲ ಎಲ್ಲರಿಗೂ ಕಾಣುತ್ತೆ."