ಹನ್ನೊಂದು ಗಂಟೆಯ ಕ್ಲಾಸು

ಬಾಯಲ್ಲಿ ಫೈಲು. ಕೈಯಲ್ಲಿ ಮಳೆನೀರಿನ ಪೈಪು. ಕಾಲ ಕೆಳಗೆ... ಏನೂ ಇಲ್ಲ!

ನಾಲ್ಕನೇ ಮಹಡಿಯಿಂದ ನೇತಾಡುತ್ತಿದ್ದೆ ಸಾರ್ ನಾನು.

ಹಾಗೆ ನೋಡಬೇಡಿ. ಆಯ್ತು, ಒಂದನೇ ಮಹಡಿ. ಆದರೆ ಹಳೇ ಕಾಲದ ಕಟ್ಟಡ ಅದು. ಅಲ್ಲಿನ ಒಂದು ಮಹಡಿ ಈಗಿನ ನಾಲ್ಕಕ್ಕೆ ಸಮ!

ಮೇಲೆ ಕಿಟಕಿಯಲ್ಲಿ ಒಂದು ತಲೆ ಮೂಡಿತು. ತಲೆಯಲ್ಲ, ರುಬ್ಬುಗುಂಡು. ಕೆಳಗೆ ಕುತ್ತಿಗೆ ಅನ್ನುವುದೇ ಇಲ್ಲ. ಏಜೆಂಟನ ಆಫೀಸಿನ ಬಾಗಿಲು ಕಾಯುವವನು.

"ಏಯ್! ಫೈಲ್ ಕೊಡು!"

"ಉಂ ಉಂ ಉಂ!" ಎಂದೆ. ಬಾಯಲ್ಲಿ ಫೈಲಿದ್ದರೆ ಎಂಥ ಗಂಡೆದೆಯೂ ಅಷ್ಟೇ ಮಾತಾಡಬಲ್ಲದು.

"ಕೈ ಬಿಟ್ರೆ ಸಾಯ್ತೀಯ!"

ಯೋಚಿಸಿದೆ. ಬಿಟ್ಟರೆ ನೆಲ ಕೊಲ್ಲುತ್ತದೆ. ಹತ್ತಿದರೆ ಇವನು ಕೊಲ್ಲುತ್ತಾನೆ. ನೆಲಕ್ಕಾದರೆ ನನ್ನ ಮೇಲೆ ಸಿಟ್ಟಿಲ್ಲ.

ಬಿಟ್ಟೆ!

ಬಿದ್ದದ್ದು ಹಾಸಿಗೆ ಅಂಗಡಿಯ ಟಾರ್ಪಾಲಿನ ಮೇಲೆ. ಅಲ್ಲಿಂದ ಪುಟಿದು ಹತ್ತಿ ಮೂಟೆಗಳ ಮೇಲೆ. ಅದೃಷ್ಟ ಅನ್ನಬೇಡಿ ಸಾರ್. ಎಲ್ಲ ಲೆಕ್ಕಾಚಾರ!

ಯಾರದೋ ಕೈಯಲ್ಲಿ ಸಿಕ್ಕಿಬಿದ್ದದ್ದನ್ನು ಬಿಡಿಸಿ ತರುವುದು ನನ್ನ ಕಸುಬು. ಗಾಡಿ, ಮನೆಪತ್ರ, ಒಮ್ಮೆ ಒಬ್ಬ ಮದುಮಗ! ಅವತ್ತಿನ ಪಾರ್ಟಿ ಮಾತ್ರ ಹೊರಗಿನವರಲ್ಲ. ನಮ್ಮಕ್ಕನ ಮಗಳು.

ಇಂಗ್ಲಿಷ್ ಬಿ.ಎ. ಡಿಗ್ರಿ ಬಂದು ನಾಲ್ಕು ತಿಂಗಳು. ಅದರಲ್ಲಿ ಮೂರು ತಿಂಗಳು ಆ ಡಿಗ್ರಿ ಇದ್ದದ್ದು ಏಜೆಂಟನ ಕೈಯಲ್ಲಿ! ಫಾರಿನ್ನಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಕೊಡಿಸುತ್ತೇನೆಂದು ಪಾಸ್‌ಪೋರ್ಟು, ಸರ್ಟಿಫಿಕೇಟು ಎರಡರ ಒರಿಜಿನಲ್ಲನ್ನೂ ಇಸಿದುಕೊಂಡಿದ್ದ. ಸ್ನಾನಕ್ಕೂ ಟೈ ಬಿಚ್ಚದ ಆಸಾಮಿ. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಟೈಯಪ್ಪ.

ಮೂರು ತಿಂಗಳೂ ಒಂದೇ ಮಾತು. "ನಾಳೆ ಬಾಮ್ಮ."

ನಮ್ಮ ಹುಡುಗಿ ಕಾಯುತ್ತಾಳೆಯೇ? ತಾನೇ ಫಾರಿನ್ನಿನ ಸಾವಿರ ಶಾಲೆಗಳಿಗೆ ಬರೆದಳು. ಸರಿ, ಎಂಬತ್ತು. ಒಂದು ಶಾಲೆ ಉತ್ತರ ಕೊಟ್ಟಿತು. ಕೂಲಿ ಕೆಲಸ ಮಾಡುವ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಶಾಲೆ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್. ಇಂಗ್ಲಿಷ್ ಬಾರದ ದೊಡ್ಡವರನ್ನು ಕೂರಿಸಿಕೊಂಡು ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಆಮೇಲೆ ಒರಿಜಿನಲ್‌ಗಳನ್ನು ಕ್ಯಾಮೆರಾಗೆ ಹಿಡಿಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಇನ್ನೊಬ್ಬರಿಗೆ!

ಹಿಂದಿನ ದಿನ ಹೋಗಿ ಪತ್ರ ಕೇಳಿದಳು. ಟೈಯಪ್ಪ ಉರಿದುಬಿದ್ದ. "ನನ್ನ ಕೈ ದಾಟಿ ಫಾರಿನ್ನಿಗೆ ಹೋಗೋಳು ಇನ್ನೂ ಹುಟ್ಟಿಲ್ಲ!"

ಅದಕ್ಕೇ ನಾನು ಕಿಟಕಿಯ ದಾರಿ ಹಿಡಿದದ್ದು.

ಗಲ್ಲಿಯ ತಿರುವಿನಲ್ಲಿ ಅವಳು ಸ್ಕೂಟರ್ ಮೇಲೆ ಕಾಯುತ್ತಿದ್ದಳು. ಫೈಲು ಎಸೆದೆ.

"ತಗೋ ಪುಟ್ಟಿ. ಮಾವ ಅಂದ್ರೆ ಏನಂತ ತಿಳ್ಕೊಂಡಿದೀಯ!"

ತೆರೆದಳು. "ಸರ್ಟಿಫಿಕೇಟ್ ಇದೆ. ಪಾಸ್‌ಪೋರ್ಟ್?"

"ಅದರಲ್ಲೇ ಇರ್ಬೇಕಲ್ಲ..."

"ಇಲ್ಲ ಮಾವ."

"ಸರಿಯಾಗಿ ನೋಡು."

"ಇದೇನು ಅಕ್ಕಿ ಮೂಟೆನಾ, ಕೈ ಹಾಕಿ ಹುಡುಕೋಕೆ? ಇರೋದೇ ಒಂದು ಹಾಳೆ!"

ಹತ್ತೂ ನಲವತ್ತೇಳು. ಫೋನು ಬಡಿದುಕೊಂಡಿತು. ಅಕ್ಕ.

"ಪಾಠಕ್ಕೆ ಅಂತ ಪಕ್ಕದ ಮನೆಯ ನಾಲ್ಕು ಹೆಂಗಸರು ತಲೆ ಬಾಚ್ಕೊಂಡು ಬಂದು ಕೂತಿದಾರೆ. ನೀವಿಬ್ರೂ ಎಲ್ಲಿ ಹಾಳಾಗಿ ಹೋದ್ರಿ?"

"ಬಂದೇಬಿಟ್ವಿ ಅಕ್ಕ. ಟ್ರಾಫಿಕ್ಕು!"

ಟ್ರಾಫಿಕ್ಕು ನಿಜವಾಗಿಯೂ ಬಂತು. ರುಬ್ಬುಗುಂಡು, ಅವನ ಹಿಂದೆ ಇಬ್ಬರು. ಒಬ್ಬ ಪೊರಕೆ ಕಡ್ಡಿಯಂಥವನು, ಕೈಯಲ್ಲಿ ದೊಣ್ಣೆ. ಇನ್ನೊಬ್ಬನ ಬಾಯಲ್ಲಿ ಬೆಳ್ಳಿಹಲ್ಲು.

ರುಬ್ಬುಗುಂಡು ಅಂಗಿಯ ಜೇಬು ತಟ್ಟಿಕೊಂಡ. ಪಾಸ್‌ಪೋರ್ಟಿನ ಮೂಲೆ ಇಣುಕುತ್ತಿತ್ತು!

"ಇದು ಬೇಕಾ? ಸಾಹೇಬ್ರು ನನ್ನ ಜೇಬಲ್ಲೇ ಇಡ್ಸಿದಾರೆ. ಬಾ, ತಗೋ!"

ಸ್ಕೂಟರ್ ಗುರ್ ಎಂದಿತು. ಕೆಮ್ಮಿತು. ಸತ್ತಿತು.

ಓಡಿದೆವು ಸಾರ್! ಪ್ರೆಸ್ಸಿನೊಳಗೆ ನುಗ್ಗಿ, ಲಾಂಡ್ರಿಯ ಒದ್ದೆ ಬಟ್ಟೆಗಳ ಅಡಿ ತೂರಿ, ಅರ್ಧ ಮೀಸೆ ತೆಗೆಸಿಕೊಂಡವನ ಕುರ್ಚಿ ಹಾರಿ... ನೂರು ಮೈಲಿ! ಕೊನೆಗೊಂದು ಬಾಗಿಲು. ಒಳಗೆ ಹೊಕ್ಕು ಮೆಟ್ಟಿಲು ಹತ್ತಿ ನೋಡಿದರೆ, ಗೋಡೆಯ ಮೇಲೆ ಟೈಯಪ್ಪನ ಫೋಟೋ!

"ಮಾವ, ಇದು ಅವನದೇ ಕಟ್ಟಡ!"

"ಬೇಟೆಗಾರ ತನ್ನ ಮನೆಯೊಳಗೆ ಹುಡುಕಲ್ಲ ಪುಟ್ಟಿ."

"ಐಡಿಯಾನಾ, ದಾರಿ ತಪ್ಪಿದ್ದಾ?"

"ಎರಡೂ."

ಟೈಯಪ್ಪನ ಆಫೀಸಿನ ಮೇಲಿನ ಟ್ರೈನಿಂಗ್ ರೂಮು ಅದು. ಬಿಳಿ ಬೋರ್ಡು, ಬೆಂಚುಗಳು, ಬೆರಳು ಗಾತ್ರದ ಧೂಳು. ಒಂದು ದಿನವೂ ಟ್ರೈನಿಂಗ್ ನಡೆದಿರಲಿಲ್ಲ. ಚಿಲಕ ಹಾಕಿದೆ. ಹೊರಗೆ ಹೆಜ್ಜೆ ಸದ್ದು. ಬಾಗಿಲಿಗೆ ಧಡ್! ಧಡ್!

ಹತ್ತೂ ಐವತ್ತೊಂಬತ್ತು.

ಬೆಂಚು ಎತ್ತಿ ಹಿಡಿದೆ. ಮೂವತ್ತು ಜನ ಬಂದರೂ ಕೆಡವಬಲ್ಲೆ. ಮೂವರು ಯಾವ ಲೆಕ್ಕ?

ಅವಳು ಮಾತ್ರ ಫೋನನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿ, ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಮಾವ, ಬೆಂಚು ಇಳಿಸಿ ಕೂತ್ಕೋ."

"ಪುಟ್ಟಿ, ಅವರು..."

"ಕೂತ್ಕೋ ಅಂದೆ!"

ಕೂತೆ. ಯಾಕೆ ಕೂತೆನೋ ಇವತ್ತಿಗೂ ಗೊತ್ತಿಲ್ಲ.

ಹನ್ನೊಂದು. ಫೋನು ಗುಣುಗುಟ್ಟಿತು. ಅವಳು ಒತ್ತಿದಳು. ಪರದೆಯ ಮೇಲೆ ಬಿಳಿ ಕೂದಲ ಹೆಡ್‌ಮೇಡಂ. ಅದೇ ಕ್ಷಣಕ್ಕೆ ಚಿಲಕ ಕಿತ್ತು ಬಾಗಿಲು ಹಾರಿತು! ಮೂವರೂ ಒಳಗೆ!

ಅವಳು ತಿರುಗಿದಳು.

"ಗುಡ್ ಮಾರ್ನಿಂಗ್! ಯು ಆರ್ ಲೇಟ್. ಸಿಟ್ ಡೌನ್!"

ಆ ದನಿ ಸಾರ್! ಅದು ಬಿ.ಎ.ಯಲ್ಲಿ ಕಲಿಸುವ ದನಿಯಲ್ಲ. ಸತ್ತುಹೋದ ಮೇಷ್ಟರುಗಳೆಲ್ಲ ಸೇರಿ ಅವಳ ಗಂಟಲಲ್ಲಿ ಕೂತಿದ್ದರು! ರುಬ್ಬುಗುಂಡು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಏಟು ತಿಂದ ಮೈ ಮರೆಯುತ್ತದೆಯೇ? ಅವನ ಕೈ ತಾನಾಗಿಯೇ ಕಟ್ಟಿಕೊಂಡಿತು. ಕೂತ. ಕಡ್ಡಿಯೂ ಕೂತ. ಬೆಳ್ಳಿಹಲ್ಲು ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತ!

ಏದುಸಿರು ಬಿಡುತ್ತ ಟೈಯಪ್ಪ ಬಂದ. ಬೈಯಲು ಬಾಯಿ ತೆರೆದ. ಪರದೆ ಕಂಡಿತು. ಫಾರಿನ್ ಶಾಲೆಯ ಮೇಡಂ ಎದುರು ರಂಪ ಮಾಡಿದರೆ ನಾಳೆ ಅಂಗಡಿಗೇ ಬೀಗ. ಬಾಯಿ ಮುಚ್ಚಿದ. ಟೈ ಸರಿಮಾಡಿಕೊಂಡ. ಹಲ್ಲು ಕಿರಿದು ತಾನೂ ಕೂತ.

ಪಾಠ ಶುರು.

ಅವಳು ಬೆಳ್ಳಿಹಲ್ಲಿನವನ ಜೇಬಿನ ಪೆನ್ನು ತೋರಿಸಿ ಕೈ ಚಾಚಿದಳು. "ಗಿವ್ ಮಿ ದ ಪೆನ್, ಪ್ಲೀಸ್." ಕೊಟ್ಟು ಹೇಳಬೇಕಾದದ್ದನ್ನೂ ತಾನೇ ಹೇಳಿ ತೋರಿಸಿದಳು. "ಹಿಯರ್ ಯು ಆರ್!"

ಕೊಟ್ಟ. ಹೇಳಿದ. ಅವಳು ಚಪ್ಪಾಳೆ ತಟ್ಟಿದಳು. ಬೆಳ್ಳಿಹಲ್ಲು ಫಳಫಳ ಹೊಳೆಯಿತು.

ಕಡ್ಡಿಯ ಮುಂದೆ ನಿಂತಳು. "ಗಿವ್ ಮಿ ದ ಸ್ಟಿಕ್, ಪ್ಲೀಸ್."

"ಹಿಯರ್ ಯು ಆರ್!" ದೊಣ್ಣೆ ಕೈಬಿಟ್ಟಿತು. ನಾನು ಇಪ್ಪತ್ತು ವರ್ಷದಲ್ಲಿ ಒಬ್ಬರ ಕೈಯಿಂದಲೂ ಇಷ್ಟು ಸಲೀಸಾಗಿ ದೊಣ್ಣೆ ಬಿಡಿಸಿಲ್ಲ ಸಾರ್!

ರುಬ್ಬುಗುಂಡು ಚಡಪಡಿಸುತ್ತ ಕೈ ಎತ್ತಿದ. "ಮೇಡಂ, ನನ್ನ ಕೇಳ್ಲೇ ಇಲ್ಲ!"

ಅವಳು ಅವನೆದುರು ಬಂದು ನಿಂತಳು.

"ಗಿವ್ ಮಿ ದ ಪಾಸ್‌ಪೋರ್ಟ್... ಪ್ಲೀಸ್."

ಟೈಯಪ್ಪ ಕೆಮ್ಮಿದ. ಕಣ್ಣು ಹೊಡೆದ. ಬೆಂಚಿನಡಿ ಕಾಲಲ್ಲಿ ಒದ್ದ. ರುಬ್ಬುಗುಂಡು ಅವನನ್ನು ನೋಡಿದ. ನಮ್ಮ ಹುಡುಗಿಯನ್ನು ನೋಡಿದ. ಬೆವರು ಒರೆಸಿಕೊಂಡ. ಜನ್ಮದಲ್ಲಿ ಮೊದಲ ಸಲ ಉತ್ತರ ಗೊತ್ತಿತ್ತು ಅವನಿಗೆ. ಬಿಡುತ್ತಾನೆಯೇ?

"ಹಿಯರ್... ಯು... ಆರ್!"

ಚಪ್ಪಾಳೆ! ಹೆಡ್‌ಮೇಡಂ ಕೂಡ ತಟ್ಟಿದರು. ಟೈಯಪ್ಪನೂ ತಟ್ಟಿದ, ಪಾಪ.

ಅವಳು ಎರಡೂ ಒರಿಜಿನಲ್ ಕ್ಯಾಮೆರಾಗೆ ಹಿಡಿದಳು. ಹೆಡ್‌ಮೇಡಂ ಕನ್ನಡಕ ಏರಿಸಿ ಓದಿದರು. ಏನೋ ಅಂದರು. ನನಗೆ ಅರ್ಥವಾಗಲಿಲ್ಲ. ಅಂದರೆ, ಕೇಳಿಸಲಿಲ್ಲ. ಆದರೆ ನಮ್ಮ ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಮುಂದಿನ ತಿಂಗಳು ಬಂದು ಸೇರ್ಕೊ ಅಂದ್ರು ಮಾವ!"

ಪರದೆ ಕಪ್ಪಾಯಿತು. ಟೈಯಪ್ಪ ನೆಗೆದು ನಿಂತ. "ಕಿತ್ಕೊಳ್ರೋ ಅದನ್ನ!"

ಯಾರೂ ಏಳಲಿಲ್ಲ.

"ಸ್ವಲ್ಪ ಸುಮ್ನಿರಿ ಸಾರ್," ಎಂದ ರುಬ್ಬುಗುಂಡು. "ಮೇಡಂ, ಹೋಂವರ್ಕ್ ಏನು?"

ಅವಳು ಒಂದು ಗಳಿಗೆ ಯೋಚಿಸಿದಳು. "ಕೆಳಗೆ ಆಫೀಸಿನ ಬೀರುವಿನಲ್ಲಿ ನನ್ನಂಥವರ ಪಾಸ್‌ಪೋರ್ಟ್ ಇನ್ನೂ ಎಷ್ಟಿವೆ?"

"ಅರವತ್ತು ಎಪ್ಪತ್ತು ಇರ್ಬೋದು."

"ಅವರವರ ಮನೆಗೆ ಹೋಗಿ, ಕೈಗೆ ಕೊಟ್ಟು, ಈಗ ಕಲಿತದ್ದನ್ನ ಹೇಳಿ ಬನ್ನಿ. ಪ್ರಾಕ್ಟೀಸ್ ಆಗುತ್ತೆ."

"ಬೀಗದ ಕೈ ನನ್ನ ಹತ್ರ ಇದೆ!" ಟೈಯಪ್ಪ ಜೇಬು ಅದುಮಿ ಹಿಡಿದು ಕಿರುಚಿದ. "ಹೆಣ ಬಿದ್ರೂ ಕೊಡಲ್ಲ!"

ರುಬ್ಬುಗುಂಡು ನಿಧಾನವಾಗಿ ಎದ್ದ. ಮೊರದಗಲದ ಕೈ ಚಾಚಿದ.

"ಗಿವ್ ಮಿ ದ ಕೀ..."

ಬೆರಳುಗಳನ್ನು ಒಂದೊಂದಾಗಿ ಲಟಕ್ ಲಟಕ್ ಎನ್ನಿಸಿದ.

"...ಪ್ಲೀಸ್."

ನನ್ನ ಕಸುಬಿನಲ್ಲಿ ಹತ್ತು ಸಾವಿರ ಬೆದರಿಕೆ ಕೇಳಿದ್ದೇನೆ ಸಾರ್. ಮರ್ಯಾದೆಯಾಗಿ ಹೇಳಿದ್ದು ಅದೊಂದೇ... ನಾನು ಬೆವರಿದ್ದೂ ಅದೊಂದಕ್ಕೇ!