ಮದ್ದು ಹಾಕಿದವಳು

“ಈ ನೀರು ಕುದಿಸಿದ್ದೇನ್ರೀ?”

ರೊಟ್ಟಿ ಬಡಿಸುತ್ತಿದ್ದ ಶಿವಗಂಗಾಳ ಕೈ ಅಲ್ಲೇ ನಿಂತಿತು. ಕೊಟ್ಟೂರಿನಲ್ಲಿ ಅವಳ ಅವ್ವ ಗುರುಬಸಮ್ಮ ಖಾನಾವಳಿ ಇಟ್ಟು ಹನ್ನೆರಡು ವರ್ಷ. ಹೊಟ್ಟೆ ತುಂಬ ಉಂಡವರಿದ್ದರು, ಉಪ್ಪು ಕಡಿಮೆ ಅಂದವರೂ ಇದ್ದರು. ಆದರೆ ನೀರಿನ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ!

ಎದುರಿಗೆ ಕುಳಿತವನು ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದ ಸರ್ವೇಯರ್ ಜಂಬುನಾಥ. ಊರು ಹೊಳಲು. ಲೋಟದೊಳಗೆ ಯಾರೋ ಕುಳಿತಿದ್ದಾರೇನೋ ಎನ್ನುವಂತೆ ಇಣುಕಿ ನೋಡುತ್ತಿದ್ದ.

“ಇದು ನಮ್ಮ ಹಿತ್ತಲ ಬಾವಿ ನೀರ್ರೀ. ಊರಾಗಿನ ಬೋರ್ ನೀರು ಸವಳು, ಇದು ಸಿಹಿ. ಇಡೀ ಓಣಿ ಕುಡೀತೈತಿ. ನಿಮಗೊಬ್ಬರಿಗೆ ಆಗಲ್ಲೇನು?”

ಅವನು ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಅವಳ ಮುಖದ ಮೇಲಿನ ಸಿಟ್ಟನ್ನು ನೋಡಿದ, ಆ ಸಿಟ್ಟಿನೊಳಗಿನ ನಗುವನ್ನೂ ನೋಡಿದ.

“ನೀವು ಕೊಟ್ರ ಆಗ್ತೈತಿ ಬಿಡ್ರಿ,” ಎಂದು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ.

ಅಷ್ಟೇ! ಶಿವಗಂಗಾಳ ಎದೆ ಯಾಕೆ ಹಾಗೆ ಹೊಡೆದುಕೊಂಡಿತೋ ಅವಳಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತು, ನಿಮಗೂ ಗೊತ್ತು. ಅವಳಿಗೆ ಮಾತ್ರ ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಆ ಎರಡು ತಿಂಗಳೂ ಅವನು ಎರಡು ಹೊತ್ತು ಅಲ್ಲೇ ಉಂಡ. ಅವನಿಗೆಂದು ಅವಳೇ ಬಾವಿಗೆ ಹೋಗಿ ತಾಜಾ ನೀರು ಸೇದಿ ತರುತ್ತಿದ್ದಳು. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಅವಳನ್ನು ನೋಡುತ್ತಾ ಕುಡಿಯುತ್ತಿದ್ದ. ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ.

ಮಳೆ ಹಿಡಿದಾಗ ಬಾವಿಯ ನೀರು ಮೇಲೆ ಬಂತು. ಬಾವಿಗೆ ಹತ್ತಿಕೊಂಡೇ ಎಮ್ಮೆ ಕಟ್ಟುವ ಜಾಗ. ಹೊಸದಾಗಿ ಹುಟ್ಟಿದ ಕರು ನಾಲ್ಕು ದಿನ ನೀರು ನೀರಾಗಿ ಭೇದಿ ಮಾಡಿಕೊಂಡು, ಐದನೆಯ ದಿನ ಕಣ್ಣು ತೆರೆದುಕೊಂಡೇ ಸತ್ತುಹೋಯಿತು.

“ಯಾರದೋ ದೃಷ್ಟಿ ತಾಗೇತಿ,” ಎಂದಳು ಗುರುಬಸಮ್ಮ.

ಕರು ಹೋದ ವಾರದಲ್ಲೇ ಜಂಬುನಾಥ ಅರ್ಧ ರೊಟ್ಟಿಗೆ ಕೈ ತೊಳೆದ.

“ಯಾಕ್ರೀ, ರುಚಿ ಆಗಲಿಲ್ಲೇನು?”

“ಹೊಟ್ಟಿ ಸರಿ ಇಲ್ಲ. ನಾಳೆ ಸರಿ ಹೋಗ್ತೈತಿ.”

ನಾಳೆ ಸರಿ ಹೋಗಲಿಲ್ಲ. ನಾಡಿದ್ದೂ ಇಲ್ಲ. ಮೂರು ವಾರದಲ್ಲಿ ಅವನ ಅಂಗಿಯೊಳಗೆ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗವಾಯಿತು. ಕೆನ್ನೆ ಒಳಕ್ಕೆ ಹೋಯಿತು. ಬೆಲ್ಟಿಗೆ ಹೊಸ ತೂತು ಬಿತ್ತು, ಆಮೇಲೆ ಇನ್ನೊಂದು.

ವಿಚಿತ್ರವೆಂದರೆ, ಅದೇ ಅನ್ನ ಉಂಡು, ಅದೇ ನೀರು ಕುಡಿದ ಉಳಿದವರೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು! ಅವನೊಬ್ಬನೇ ಕರಗುತ್ತಿದ್ದ... ಅವಳ ಕಣ್ಣೆದುರೇ, ಅವಳು ಬಡಿಸಿದ ತಟ್ಟೆಯ ಮುಂದೆಯೇ...

ಜನ ಅವನ ಬೆಂಚಿನಲ್ಲಿ ಕೂರುವುದು ಬಿಟ್ಟರು. ಆಮೇಲೆ ಅವಳು ಬಡಿಸಲು ಬಂದರೆ ಲೋಟದ ಮೇಲೆ ಅಂಗೈ ಅಡ್ಡ ಹಿಡಿಯತೊಡಗಿದರು.

ಶಿವಗಂಗಾ ತನ್ನ ಕೈಗಳನ್ನು ಮತ್ತೆ ಮತ್ತೆ ತೊಳೆದುಕೊಂಡಳು. ಬಾವಿಗೆ ಬಗ್ಗಿದಾಗ ಕೆಳಗಿನಿಂದ ತನ್ನದೇ ಮುಖ ನೋಡುತ್ತಿತ್ತು. ಆ ಮುಖ ತನಗಿಂತ ಸ್ವಲ್ಪ ತಡವಾಗಿ ಅಲುಗಾಡಿದ ಹಾಗೆ ಅವಳಿಗೆ ಒಮ್ಮೆ ಅನ್ನಿಸಿತು.

‘ನನ್ನ ಕೈಯಾಗ ಏನರ ಐತೇನು? ನಾನು ಮುಟ್ಟಿದ್ದು ಅವರಿಗೆ ಆಗಿಬರಂಗಿಲ್ಲೇನು?’

ಒಂದು ದಿನ ಅವನು ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ರಜೆ ಹಾಕಿ ಊರಿಗೆ ಹೋದನಂತೆ. ಆರನೆಯ ದಿನ ಮಧ್ಯಾಹ್ನ ಒಬ್ಬಳು ಹೆಂಗಸು ಖಾನಾವಳಿಯ ಬಾಗಿಲಲ್ಲಿ ಬಂದು ನಿಂತಳು. ಅವನದೇ ಕಣ್ಣು, ಅವನದೇ ಹಣೆ.

“ಇಲ್ಲಿ ಶಿವಗಂಗಾ ಅನ್ನಾಕಿ ಯಾರು?”

“ನಾನ ರೀ...”

“ನಾನು ಪುಷ್ಪಲತಾ. ಜಂಬುನಾಥನ ಅಕ್ಕ.” ಅವಳು ಬಾಗಿಲ ಚೌಕಟ್ಟು ಹಿಡಿದು ಕೂಗಿದಳು. “ಏನು ಹಾಕಿದೀ ನನ್ನ ತಮ್ಮಗ? ಹೇಳು! ಒಲಿಸಿಕೊಳ್ಳಾಕ ಏನು ಮದ್ದು ಹಾಕಿದೀ?”

ಉಣ್ಣುತ್ತಿದ್ದವರ ಕೈಗಳು ತಟ್ಟೆಯ ಮೇಲೇ ನಿಂತವು.

“ಅಕ್ಕಾ, ದೇವರಾಣಿ...”

“ಆಣಿ ಮಾಡಬ್ಯಾಡ! ಮೂರು ವರ್ಷದ ಹಿಂದ ಅವನ ಎರಡೂ ಕಿಡ್ನಿ ಹೋಗಿದ್ವು. ಹೊಟ್ಟಿ ಕೊಯ್ಸಿಕೊಂಡು ನಂದೊಂದು ಕೊಟ್ಟು ಉಳಿಸಿಕೊಂಡೀನಿ. ಈಗ ನೀನು ಅವನನ್ನ ತಿಂದಿ! ಭೇದಿ ಪರೀಕ್ಷೆ ಮಾಡ್ಸಿದ್ರ ಏನೂ ಇಲ್ಲ ಅಂದ್ರು. ಏನೂ ಇಲ್ದ ಮನುಷ್ಯಾ ಹಿಂಗ ಕರಗ್ತಾನೇನು? ಮಾಗಳದಾಗ ಮದ್ದು ತೆಗೆಯೋ ಅಜ್ಜ ಅದಾನ. ತಮ್ಮನ ಅಂಗೈಯಾಗ ಸೊಪ್ಪಿನ ರಸ ಹಿಂಡಿದ. ಗಟ್ಟಿ ಆತು! ಹೆಣ್ಣಿನ ಕೈ ಮದ್ದು ಅಂದ. ನಾಳೆ ವಾಂತಿ ಮಾಡಿಸಿ ತೆಗೀತಾನ. ಎಲ್ಲಾ ಗುಳಿಗಿ ನಿಲ್ಸೀವಿ.”

ಪುಷ್ಪಲತಾ ಮಣ್ಣು ತೂರಿ ಶಾಪ ಹಾಕಿ ಹೋದಳು. ಶಿವಗಂಗಾ ಅಲ್ಲೇ ಕಂಬದ ಬುಡದಲ್ಲಿ ಕುಳಿತಳು.

ಕಿಡ್ನಿ... ಗುಳಿಗೆ... ‘ಈ ನೀರು ಕುದಿಸಿದ್ದೇನ್ರೀ?’

ಅಯ್ಯೋ! ಅವನು ಕೇಳಿದ್ದ. ಮೊದಲ ದಿನವೇ ಕೇಳಿದ್ದ!

ಅಲ್ಲೇ ಮೂಲೆಯಲ್ಲಿ ಊಟ ಮಾಡುತ್ತಿದ್ದ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಅರುಣಕುಮಾರ್ ಕೈ ತೊಳೆದು ಬಂದರು. ಅವಳು ಕರುವಿನಿಂದ ಹಿಡಿದು ಬಾವಿಯವರೆಗೆ ಎಲ್ಲವನ್ನೂ ಹೇಳಿದಳು. ಅವರ ಮುಖ ಗಂಭೀರವಾಯಿತು.

“ಬೇರೆಯವರ ಕಿಡ್ನಿ ಮೈಯಲ್ಲಿ ನಿಲ್ಲಬೇಕು ಅಂದ್ರೆ ಮೈಯ ರೋಗನಿರೋಧಕ ಶಕ್ತಿನ ಗುಳಿಗೆಯಿಂದ ತಗ್ಗಿಸಿ ಇಟ್ಟಿರ್ತಾರಮ್ಮ. ಕರುವಿನ ಸಗಣಿಯಿಂದ ನೀರಿಗೆ ಬರೋ ಒಂದು ಪರಾವಲಂಬಿ ಕ್ರಿಮಿ ಐತಿ. ನಮ್ಮಂಥವರಿಗೆ ಏನೂ ಆಗದೇ ಇರಬಹುದು, ಇಲ್ಲಾ ನಾಲ್ಕು ದಿನ ಭೇದಿ ಆಗಿ ಹೋಗ್ತೈತಿ. ಆದ್ರೆ ಆ ಗುಳಿಗೆ ನುಂಗೋರ ಕರುಳಿನಾಗ ತಿಂಗಳುಗಟ್ಟಲೆ ಕೂತುಬಿಡ್ತೈತಿ. ಮಾಮೂಲಿ ಪರೀಕ್ಷೆಗೆ ಸಿಗಲ್ಲ, ಬೇರೆ ಬಣ್ಣ ಹಾಕಿ ನೋಡಬೇಕು. ಇದೇ ಅಂತ ನಾನು ಹೇಳಾಕಾಗಲ್ಲ. ಆದ್ರೆ ಗುಳಿಗೆ ನಿಲ್ಲಿಸಿ, ಮೇಲೆ ವಾಂತಿ ಮಾಡಿಸಿದ್ರೆ...”

“ಏನಾಗ್ತೈತಿ ಸರ?”

“ಕಿಡ್ನಿ ಹೋಗ್ತೈತಿ. ಆತನೂ ಹೋಗಬಹುದು.”

ಮರುದಿನ ಮೊದಲ ಬಸ್ಸಿಗೆ ಅವಳು ಮಾಗಳಕ್ಕೆಂದು ಹಡಗಲಿ ದಾರಿ ಹಿಡಿದಳು.

ಮಾಗಳದ ಹೊಳೆ ದಂಡೆಯಲ್ಲಿ ಬೆಳಗಿನ ಮಂಜು ಇನ್ನೂ ನೀರಿಗೆ ಅಂಟಿಕೊಂಡಿತ್ತು. ಹತ್ತಾರು ಜನ ಸಾಲಾಗಿ ಕುಳಿತಿದ್ದರು, ಎಲ್ಲರೂ ಬಲಗೈ ಮುಂದೆ ಚಾಚಿ. ಪ್ರತಿ ಅಂಗೈಯಲ್ಲೂ ಹಸಿರು ರಸ. ಮಾತಿಲ್ಲ, ಕೆಮ್ಮಿಲ್ಲ... ಹೊಳೆಯೂ ಸದ್ದು ಮಾಡುತ್ತಿರಲಿಲ್ಲ. ಆ ಚಾಚಿದ ಕೈಗಳಿಗೆ ತಾಗದಂತೆ ಸೆರಗು ಬಿಗಿದುಕೊಂಡು ಅವಳು ನಡೆದಳು.

ಸಾಲಿನ ಕೊನೆಯಲ್ಲಿ ಜಂಬುನಾಥ ಮಲಗಿದ್ದ. ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಅಜ್ಜ ಅವನ ತುಟಿಗೆ ಬಟ್ಟಲು ಹಿಡಿದಿದ್ದ.

“ನಿಲ್ಲಿಸ್ರಿ!”

ಪುಷ್ಪಲತಾ ಹೆಡೆ ಎತ್ತಿದ ಹಾವಿನಂತೆ ಎದ್ದಳು. “ಇಲ್ಲಿಗೂ ಬಂದೇನು?”

“ಹೌದಕ್ಕಾ, ಬಂದೀನಿ. ನಾನ ಹಾಕೀನಿ.”

ಸಾಲಿನಲ್ಲಿ ಕುಳಿತವರೆಲ್ಲ ಅವಳತ್ತ ತಿರುಗಿದರು.

“ಕುದಿಸಿದ ನೀರು ಕೇಳಿದ್ರು. ನಾನು ಜಂಬ ಮಾಡಿ ಬಾವಿ ನೀರು ಕೊಟ್ಟೆ. ದಿನಾ ಎರಡು ಹೊತ್ತು, ನನ್ನ ಕೈಯಾರೆ ಕೊಟ್ಟೆ. ಕರುವಿನ ರೋಗ ಆ ನೀರಾಗ ಬಂದಿರಬೇಕಂತ. ಇದು ವಾಂತಿಗೆ ಬೀಳೋ ಮದ್ದಲ್ಲಕ್ಕಾ... ಡಾಕ್ಟ್ರ ಹತ್ರ ಕರಕೊಂಡು ಹೋಗಿ, ಭೇದಿಗೆ ಬೇರೆ ಬಣ್ಣ ಹಾಕಿ ನೋಡ್ರಿ ಅಂತ ಹೇಳ್ರಿ. ಆಮ್ಯಾಲ ನನ್ನ ಕೊಂದ್ರೂ ಚಿಂತಿಲ್ಲ!”

“ಸುಳ್ಳು! ರಸ ಗಟ್ಟಿ ಆಗೇತಿ. ನಾನ ಕಣ್ಣಾರೆ ನೋಡೀನಿ!”

ಶಿವಗಂಗಾ ಅಜ್ಜನ ಬುಟ್ಟಿಯಿಂದ ಅದೇ ಬಳ್ಳಿಯ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. ಚಿಕ್ಕಂದಿನಲ್ಲಿ ಬೇಲಿಯಿಂದ ಕಿತ್ತು ಆಟಕ್ಕೆ ಹಿಂಡುತ್ತಿದ್ದ ಸೊಪ್ಪು ಅದು. ನೀರು ಚಿಮುಕಿಸಿ, ಹೊಸಕಿ, ಪುಷ್ಪಲತಾಳ ಕೈ ಹಿಡಿದು ಆ ಅಂಗೈಯಲ್ಲೇ ಹಿಂಡಿದಳು.

“ಕಾಯ್ರಿ.”

ಎಲ್ಲರೂ ಕಾದರು. ಅಜ್ಜ ಮುಖ ಆಚೆ ತಿರುಗಿಸಿದ. ಹಸಿರು ರಸ ನಿಧಾನವಾಗಿ ಮಂದವಾಯಿತು... ಅಲುಗಾಟ ನಿಲ್ಲಿಸಿತು... ಪುಷ್ಪಲತಾ ಕೈ ಓರೆ ಮಾಡಿದಳು. ಒಂದು ಹನಿಯೂ ಜಾರಲಿಲ್ಲ.

“ನಿಮಗ್ಯಾರು ಮದ್ದು ಹಾಕಿದ್ರಕ್ಕಾ?”

ಪುಷ್ಪಲತಾ ತನ್ನ ಅಂಗೈಯನ್ನೇ ದಿಟ್ಟಿಸಿ ನೋಡಿದಳು. ಆಗ ಕೆಳಗಿನಿಂದ ಒಂದು ಸಣ್ಣ ದನಿ ಬಂತು.

“ಅಕ್ಕಾ... ಕುದಿಸಿದ್ದ ಕುಡೀಬೇಕು ಅಂತ ಡಾಕ್ಟ್ರು ಮೊದ್ಲ ಹೇಳಿದ್ರು. ನನಗ ಗೊತ್ತಿತ್ತು. ಅಕಿ ತಪ್ಪಲ್ಲ.”

ಅರ್ಧ ಗಂಟೆಯಲ್ಲಿ ಅಕ್ಕ ತಮ್ಮನನ್ನು ಹೊತ್ತ ಕಾರು ದಾವಣಗೆರೆಯ ಆಸ್ಪತ್ರೆ ಕಡೆ ಹೊರಟಿತು. ಅದರಲ್ಲಿ ಶಿವಗಂಗಾಳಿಗೆ ಜಾಗವಿತ್ತು, ಆದರೆ ಯಾರೂ ಹತ್ತು ಎನ್ನಲಿಲ್ಲ. ಅವಳೂ ಹತ್ತಲಿಲ್ಲ.

ಹದಿನಾರು ದಿನ ಫೋನ್ ಬರಲಿಲ್ಲ. ಬಾವಿಗೆ ಹಲಗೆ ಮುಚ್ಚಿಸಿ, ಗುರುಬಸಮ್ಮ ದೊಡ್ಡ ಹಂಡೆಯಲ್ಲಿ ನೀರು ಕುದಿಸತೊಡಗಿದ್ದಳು.

‘ನನ್ನ ಹೆಸರು ಕೇಳಿದ್ರ ಈಗ ಅವರಿಗೆ ವಾಕರಿಕೆ ಬರಬೇಕು. ಬರಲಿ... ಜೀವ ಉಳದ್ರ ಸಾಕು.’

ಹದಿನೇಳನೆಯ ದಿನ ಪುಷ್ಪಲತಾ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಅಡುಗೆಮನೆಗೆ ಬಂದು ಮೊಬೈಲ್ ಮುಂದೆ ಹಿಡಿದಳು.

“ನೋಡವ್ವಾ. ನೀ ಹೇಳಿದಂಗ ಹೇಳಿದ್ವಿ. ಬಣ್ಣ ಹಾಕಿ ನೋಡಿದ್ರು.”

ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೊ: ನೀಲಿಯ ಮೇಲೆ ದುಂಡಗಿನ ಕೆಂಪು ಚುಕ್ಕೆಗಳು. ಹತ್ತು, ಇಪ್ಪತ್ತು, ಎಣಿಸಲಾರದಷ್ಟು... ಎಲ್ಲವೂ ತನ್ನನ್ನೇ ನೋಡುತ್ತಿವೆ ಎನ್ನಿಸಿತು ಶಿವಗಂಗಾಳಿಗೆ. ಅವಳು ಪ್ರೀತಿಯಿಂದ ಕೊಟ್ಟ ಲೋಟಗಳಲ್ಲಿ ಇವೇ ಈಜುತ್ತಿದ್ದವಲ್ಲ!

“ಔಷಧಿ ಹಿಡಿದೈತಿ. ಕಿಡ್ನಿ ಉಳೀತು,” ಎಂದು ಪುಷ್ಪಲತಾ ಅವಳ ಎರಡೂ ಕೈ ಹಿಡಿದುಕೊಂಡಳು. “ನಾ ಆಡಿದ ಮಾತು ಮರ್ತುಬಿಡು ಯವ್ವಾ. ಅವನು ನಿನ್ನ ಕರೀರಿ ಅನ್ನಲ್ಲ. ಆದ್ರ ಬಾಗಲ ಕಡೆನ ನೋಡಕೊಂತ ಮಲಗ್ತಾನ. ಬಾ.”

ಆಸ್ಪತ್ರೆಯ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಅವನು ಇನ್ನೂ ಕಡ್ಡಿಯೇ. ಆದರೆ ಕಣ್ಣಲ್ಲಿ ಮತ್ತೆ ಅವನೇ ಇದ್ದ. ಪುಷ್ಪಲತಾ ಬೇಕೆಂದೇ ಹೊರಗೆ ಉಳಿದಳು.

“ಯಾಕ ಹೇಳಲಿಲ್ಲ?” ಶಿವಗಂಗಾ ಕೇಳಿದ್ದು ಅಷ್ಟೇ. ಕಣ್ಣೀರು ಉಳಿದದ್ದನ್ನು ಕೇಳಿತು.

“ಎಲ್ಲಿ ಹೋದ್ರೂ ರೋಗಿನ ನಾನು. ಗುಳಿಗಿ ತಗೊಂಡ್ಯಾ, ಅದು ತಿನ್ನಬ್ಯಾಡ, ಇದು ಮುಟ್ಟಬ್ಯಾಡ... ನಿಮ್ಮ ಖಾನಾವಳಿಯಾಗ ಮಾತ್ರ ನಾನು ಬರೀ ಒಬ್ಬ ಗಂಡಸು. ನೀವು ಕಣ್ಣು ದೊಡ್ಡದು ಮಾಡಿ ಬೈದ್ರಲ್ಲಾ... ಅದು ಹೋಗಿಬಿಡ್ತೈತಿ ಅಂತ ಹೆದರಿದೆ. ನಿಮ್ಮನ್ನ ಪ್ರೀತಿಸ್ತೀನಿ ಗಂಗಾ. ಅದಕ್ಕ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ.”

“ಇದಕ್ಕ ಪ್ರೀತಿ ಅಂತಾರೇನು?” ಅವಳು ಗದರಿದಳು. “ನನ್ನ ಕೈಯಿಂದ ನಿಮ್ಮನ್ನ ಕೊಲ್ಲಿಸಿಕೊಳ್ಳೋದು ಪ್ರೀತಿ ಏನು? ನೀವು ಹೋಗಿದ್ರ ನಾನು ಈ ಕೈ ಇಟಗೊಂಡು ಹೆಂಗ ಬದುಕಬೇಕಿತ್ತು? ಒಮ್ಮೆರ ಯೋಚನೆ ಮಾಡಿದ್ರೇನು?”

ಅವನು ತಲೆ ತಗ್ಗಿಸಿದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದಿಂದ ಒಂದು ಡಬ್ಬಿ ತೆಗೆದಳು. ಹಸಿ ಸವತಿಕಾಯಿ ಹೋಳು, ಮೇಲೆ ಉಪ್ಪು ಖಾರ. ಒಂದು ಹೋಳನ್ನು ಅವನ ಮುಂದೆ ಹಿಡಿದಳು.

“ತಗೋರಿ. ನಿಮಗಂತನ ತಂದೀನಿ.”

ಅವನು ಹೋಳನ್ನು ನೋಡಿದ. ಅವಳನ್ನು ನೋಡಿದ. ಅವಳು ಹೋಳು ಹಿಡಿದೇ ಕಾಯುತ್ತಿದ್ದಳು.

“ಒಲ್ಲೆ,” ಎಂದ ಜಂಬುನಾಥ.

“ನಾನು ಕೊಟ್ರೂ?”

“ನೀವು ಕೊಟ್ರೂ ಒಲ್ಲೆ. ನನಗ ಹಸೀದು ಆಗಂಗಿಲ್ಲ.”

ಶಿವಗಂಗಾ ಡಬ್ಬಿ ಮುಚ್ಚಿಟ್ಟು, ಮಂಚದ ಅಂಚಿಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಯಾವ ಹುಡುಗಿಯೂ ತಾನು ಒಲಿದವನ ಬಾಯಿಂದ ಆ ಮಾತು ಕೇಳಿ ಇಷ್ಟು ಸುಖಪಟ್ಟಿರಲಿಕ್ಕಿಲ್ಲ. ಅವನ ತೆಳ್ಳನೆಯ ಕೈ ಅವಳ ತಲೆಯ ಮೇಲೆ ಬಂದು ನಿಂತಿತು.

“ಗಂಗಾ... ಜೀವನಪೂರ್ತಿ ಹಿಂಗ ಒಲ್ಲೆ, ಒಲ್ಲೆ ಅನ್ನೋನ ಜೋಡಿ ಬಾಳೇ ಮಾಡ್ತೀರೇನು?”

ಅವಳು ಹಣೆ ಎತ್ತದೆಯೇ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ದಿನಾ ಅನ್ರಿ. ನಾನು ದಿನಾ ಕೇಳ್ತೀನಿ.”